ಮೂವತ್ತೆಂಟು ಸಲ ಏಳು ಮಹಡಿ

ಎಲ್ಲ ರಗಳೆಗೂ ಮೂಲ ಅರ್ಧ ಅಡಿಯ ಒಂದು ಪ್ಲಾಸ್ಟಿಕ್ ಸ್ಕೇಲು.

ಹೊತ್ತು ಹೋಗದ ಒಂದು ಸಂಜೆ ಅದನ್ನು ಪರ್ವತದ ನಕ್ಷೆಯ ಮೇಲೆ ಮಲಗಿಸಿ, ಎರಡು ಹಿಮಶಿಖರಗಳ ನಡುವಿನ ಕಣಿವೆದಾರಿಯನ್ನು ದಾಟಲು ನಲವತ್ತಾರು ಕಿಲೋಮೀಟರ್, ನಾಲ್ಕೇ ದಿನ ಎಂದು ಟೈಂಟೇಬಲ್ಲಯ್ಯ ಲೆಕ್ಕ ಹಾಕಿದ್ದ. ಬಸ್ ಡಿಪೋದ ವೇಳಾಪಟ್ಟಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತವನಿಗೆ ದಾರಿ ಎಂದರೆ ಎರಡು ಚುಕ್ಕಿ, ನಡುವೆ ಒಂದು ಗೆರೆ. ಆ ಗೆರೆ ಮಧ್ಯದಲ್ಲಿ ಹಾವಿನ ಹಾಗೆ ಹೊರಳಿದರೆ ಅದು ಡ್ರೈವರನ ತಲೆನೋವು. ಗಂಟೆಗೆ ನಾಲ್ಕು ಕಿಲೋಮೀಟರ್ ಎಂದು ಅವನು ಬರೆದ. ಏರಿದರೂ ನಾಲ್ಕು, ಇಳಿದರೂ ನಾಲ್ಕು, ಉಸಿರಾಡಲು ಗಾಳಿ ಸಾಲದಿದ್ದರೂ ನಾಲ್ಕು. ಮೂರನೇ ದಿನ ಹನ್ನೊಂದು ನಲವತ್ತಕ್ಕೆ ಝರಿ ತಲುಪುವುದು, ಹನ್ನೊಂದು ನಲವತ್ತೆರಡಕ್ಕೆ ಹೊರಡುವುದು. ನಾಲ್ಕನೇ ದಿನ ಸರಿಯಾಗಿ ಹತ್ತೂಕಾಲಿಗೆ ನಾಲ್ಕು ಸಾವಿರದ ಆರುನೂರ ಐವತ್ತು ಮೀಟರ್ ಎತ್ತರದ ನೆತ್ತಿ. ಅಲ್ಲಿ ಮೂರು ನಿಮಿಷ ನಿಲುಗಡೆ, ಫೋಟೋಗೆ.

ಹಾಳೆಯನ್ನು ಕಟ್ಟಡದ ವಾಕಿಂಗ್ ಸಂಘದವರು ನೋಡಿದ್ದೇ ತಡ, ಅವನ ಹಿಂದೆ ಚಾರಣಕ್ಕೆ ಹೊರಡುವುದೆಂದು ತೀರ್ಮಾನಿಸಿಬಿಟ್ಟರು; ಅವನ ಜಾತಕವೇ ಬದಲಾಯಿತು. ಸಂಘ ಎಂದರೆ ದಿನಾ ಬೆಳಿಗ್ಗೆ ಕಾಂಪೌಂಡಿಗೆ ಇಪ್ಪತ್ತು ಸುತ್ತು ಹಾಕಿ, ಸುತ್ತಿಗೊಂದರಂತೆ ಇಪ್ಪತ್ತು ಮನೆಯ ಸುದ್ದಿ ಮಾತಾಡುವ ನಾಲ್ಕು ಜನ. ಏಳನೇ ಮಹಡಿಯಲ್ಲಿ ಹನ್ನೊಂದು ವರ್ಷದಿಂದ ವಾಸವಿದ್ದರೂ ಟೈಂಟೇಬಲ್ಲಯ್ಯನನ್ನು ಗೇಟಿನ ಕಾವಲುಗಾರ ತಿಂಗಳಿಗೊಮ್ಮೆ "ಯಾರ ಮನೆಗೆ ಸಾರ್?" ಎಂದು ಕೇಳುತ್ತಿದ್ದ. ಆ ಹಾಳೆ ಬಂದ ಮೇಲೆ ಅದೇ ಕಾವಲುಗಾರ ಎದ್ದು ನಿಲ್ಲತೊಡಗಿದ. ಲಿಫ್ಟಿನಲ್ಲಿ ಜನ ಸರಿದು ಜಾಗ ಕೊಟ್ಟರು. ಎಲ್ಲರ ಬಾಯಲ್ಲೂ ಅವನೀಗ "ಲೀಡರ್".

ಈ ಲೀಡರ್‌ಗಿರಿ ಅವನಿಗೆ ಬೆಲ್ಲದ ಹಾಗೆ ಹಿಡಿಸಿತು. ಹಿಡಿಸದಿದ್ದುದು ಪರ್ವತ ಮಾತ್ರ. ಸ್ಟೂಲು ಹತ್ತಿ ಬಲ್ಬು ಬದಲಾಯಿಸಿದರೇ ಅವನಿಗೆ ಲೋಕ ಗಿರಗಿರ ತಿರುಗುತ್ತಿತ್ತು. ಡಿಪೋದಲ್ಲಿ ಕಲಿತ ದೊಡ್ಡ ಪಾಠವೆಂದರೆ ವೇಳಾಪಟ್ಟಿ ಬರೆಯುವವನು ಯಾವ ಕಾರಣಕ್ಕೂ ಬಸ್ಸು ಹತ್ತಬಾರದು. ಹತ್ತಿದರೆ ಸತ್ಯ ಗೊತ್ತಾಗಿಬಿಡುತ್ತದೆ. ಮರ್ಯಾದೆ ಉಳಿಯಬೇಕು, ಪರ್ವತ ತಪ್ಪಬೇಕು. ಅವನಿಗೆ ಬೇಕಾಗಿದ್ದು ಇಷ್ಟೇ. ಅದಕ್ಕಾಗಿ ಒಂದು ಉಪಾಯವನ್ನೂ ಮಾಡಿದ್ದ. "ರಜೆ ಸಿಕ್ಕಿದ್ರೆ ಖಂಡಿತ ಬರ್ತೀನಿ" ಎಂದು ಎಲ್ಲರಿಗೂ ಮಾತು ಕೊಟ್ಟು ಎಂಟು ದಿನದ ರಜೆಗೆ ಅರ್ಜಿ ಗೀಚಿದ್ದ. ಅವನ ಮ್ಯಾನೇಜರು ಸ್ವಂತ ಮಗಳ ಮದುವೆಗೇ ಅರ್ಧ ದಿನ ರಜೆ ಹಾಕಿದ ಮಹಾನುಭಾವರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನು ಬಂತು.

"ಏನ್ರೀ, ಇನ್ನೂ ಮಲಗಿದ್ರಾ?" ಮ್ಯಾನೇಜರ ದನಿ ಹಳೇ ಬಸ್ಸಿನ ಗೇರಿನಂತೆ ಕರಕರ ಅಂದಿತು. "ನಿಮ್ಮ ರಜೆ ಮಂಜೂರು."

"ಸಾರ್?"

"ಮೇಲಿನಿಂದ ಸುತ್ತೋಲೆ ಬಂದಿದೆ ಕಣ್ರೀ. ರಜೆ ಹಾಕದೇ ಇರೋರ ಪಟ್ಟಿ ಈ ತಿಂಗಳ ಕೊನೇಗೆ ಖಾಲಿ ಆಗ್ಬೇಕಂತೆ. ಆ ಪಟ್ಟೀಲಿರೋದು ಇಬ್ಬರೇ, ನಾನು ಮತ್ತೆ ನೀವು. ನಾನಂತೂ ಹೋಗಲ್ಲ. ಎಂಟು ದಿನ ಸಾಲದಿದ್ರೆ ಹದಿನೈದು ತಗೊಳ್ಳಿ. ಹೋಗಿ, ಹೋಗಿ!"

"ಸಾರ್, ಹೊಸ ಮಾರ್ಗದ ಪಟ್ಟಿ ಬಾಕಿ ಇದೆ. ನಾನಿಲ್ಲದಿದ್ರೆ ಬಸ್ಸುಗಳು..."

"ನೀವಿದ್ದಾಗ ಮಾತ್ರ ಟೈಮಿಗೆ ಬರ್ತಿದ್ವಾ?" ಎಂದು ಮ್ಯಾನೇಜರು ಫೋನು ಇಟ್ಟರು.

ಟೈಂಟೇಬಲ್ಲಯ್ಯ ಮಂಚದ ಅಂಚಿನಲ್ಲಿ ಗಾಳಿ ಹೋದ ಟಯರಿನಂತೆ ಕುಸಿದ. ಹೆಂಡತಿ ಚಹಾ ತಂದಿಟ್ಟು, "ಏನಂತೆ?" ಎಂದಳು.

"ರಜೆ ಕೊಟ್ಟುಬಿಟ್ರು ಕಣೇ. ಬೇಕಾದ್ರೆ ಹದಿನೈದು ದಿನ ತಗೊಳ್ಳಿ ಅಂತಾರೆ."

"ಒಳ್ಳೇದಾಯ್ತಲ್ಲ" ಎಂದು ಅವಳು ಒಳಗೆ ಹೋದಳು. ಹೊರಡುವವರ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಬರ್ತೀಯಾ ಎಂದು ಯಾರೂ ಕೇಳಿರಲಿಲ್ಲ, ಗಂಡನೂ ಸಹ.

ಚಹಾ ಇನ್ನೂ ಗಂಟಲಿಗಿಳಿಯುವ ಮುಂಚೆ ಮೆಟ್ಟಿಲ ಕಡೆಯಿಂದ ಸೀಟಿ ಕೇಳಿಸಿತು. ಮೂರನೇ ಮಹಡಿಯ ಡ್ರಿಲ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ ಐದು ವರ್ಷವಾಗಿದ್ದರೂ ಸೀಟಿ ನಿವೃತ್ತಿಯಾಗಿರಲಿಲ್ಲ. ಬಾಗಿಲು ತೆರೆದರೆ ಇಡೀ ಸಂಘ ನಿಂತಿತ್ತು.

"ಲೀಡರ್! ಇವತ್ತು ರಿಹರ್ಸಲ್ಲು!" ಎಂದು ಮೇಷ್ಟ್ರು ಗುಡುಗಿದರು. "ನಿಮ್ಮ ಪಟ್ಟಿ ಪ್ರಕಾರ ನಾಲ್ಕನೇ ದಿನ ಎಂಟುನೂರು ಮೀಟರ್ ಏರಬೇಕು. ನಮ್ಮ ಕಟ್ಟಡ ನೆಲದಿಂದ ಏಳನೇ ಮಹಡಿಗೆ ಇಪ್ಪತ್ತೊಂದು ಮೀಟರ್. ಭಾಗಿಸಿ ನೋಡಿ. ಮೂವತ್ತೆಂಟು ಸಲ ಹತ್ತಿದರೆ ಆಯ್ತು, ನೆತ್ತಿ! ಲಿಫ್ಟ್ ಬಂದ್ ಮಾಡಿಸಿದೀನಿ. ಫ್ಯೂಸು ನನ್ನ ಜೇಬಲ್ಲಿದೆ. ಯಾರು ಮಧ್ಯ ಕೂತ್ರೋ ಅವರು ಔಟ್!"

ಮೇಷ್ಟ್ರ ಹಿಂದೆ ನೆಲಮಹಡಿಯ ಹಲ್ಲು ಡಾಕ್ಟರು ಬ್ಯಾಗು ಹಿಡಿದು ನಿಂತಿದ್ದರು. ಕಟ್ಟಡದಲ್ಲಿ ಬೇರೆ ಡಾಕ್ಟರಿಲ್ಲದ ಕಾರಣ ಎತ್ತರದ ಕಾಯಿಲೆಗಳೆಲ್ಲ ಅವರ ಪಾಲಿಗೆ ಬಂದಿದ್ದವು. ಒಬ್ಬರು ಡ್ರಿಲ್ ಮಾಡಿಸುವವರು, ಇನ್ನೊಬ್ಬರು ಡ್ರಿಲ್ ಹಾಕುವವರು. ಇಬ್ಬರ ಕೈಗೆ ಸಿಕ್ಕವರೂ ಒಂದೇ ರಾಗದಲ್ಲಿ ಕಿರುಚುತ್ತಿದ್ದರು. ಅವರ ಪಕ್ಕ ಐದನೇ ಮಹಡಿಯ ಸಂಗೀತದ ಟೀಚರಮ್ಮ. "ಉಸಿರೂ... ಎಲ್ಲಾ ಉಸಿರಲ್ಲಿದೇ... ನಾನು ಒಂದೇ ಉಸಿರಲ್ಲಿ ಒಂದು ಮಹಡಿ ಹತ್ತುತ್ತೀನೀ..." ಎಂದು ಅವರು ಪ್ರತಿ ಮಾತನ್ನೂ ಎಳೆದು ಬಾಗಿಸಿ ಬಿಡುತ್ತಿದ್ದರು. ಕೊನೆಯವನು ನಾಲ್ಕನೇ ಮಹಡಿಯ ವಿಮಾ ಏಜೆಂಟ್, ಎಲ್ಲರಿಗೂ 'ಪಾಲಿಸಿ'. ಚಾರಣಕ್ಕೆ ಭಾರ ಹೊತ್ತು ಅಭ್ಯಾಸವಾಗಲಿ ಎಂದು ಹಳೇ ಅರ್ಜಿ ಫಾರಂಗಳನ್ನು ಹತ್ತು ಕಿಲೋ ತೂಗಿ ಬೆನ್ನಿಗೆ ಕಟ್ಟಿಕೊಂಡಿದ್ದ.

ಟೈಂಟೇಬಲ್ಲಯ್ಯನ ಕೈ ಬಾಗಿಲು ಮುಚ್ಚಲು ಹೊರಟಿತು. ಮರುಕ್ಷಣವೇ ತಲೆಯಲ್ಲಿ ಮಿಂಚು ಹೊಡೆಯಿತು. ಇದಲ್ಲವೇ ಪಾರಾಗುವ ದಾರಿ! ಕೂತರೆ ಮಾನ ಹೋಗುತ್ತದೆ, ಸರಿ. ಆದರೆ ನಿಧಾನಕ್ಕೆ ನಡೆದರೆ? ಎಷ್ಟು ನಿಧಾನಕ್ಕೆ ಎಂದರೆ, ನೋಡುವವರಿಗೆ ಆಕಳಿಕೆ ಬರಬೇಕು. ಆಗ ಇವರೇ ಕೈಮುಗಿದು ಹೇಳುತ್ತಾರೆ: "ಲೀಡರ್, ನೀವು ಬಂದ್ರೆ ನಮಗೆ ತಡ. ಇಲ್ಲೇ ಇದ್ದು ಫೋನಲ್ಲೇ ನಡೆಸಿ." ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಪರ್ವತ ದಾಟಿಸುವ ಲೀಡರ್! ಅವನ ಕಣ್ಣಲ್ಲಿ ನೀರೇ ಬಂತು.

ಎಂಟು ಗಂಟೆಗೆ ನೆಲಮಹಡಿಯಲ್ಲಿ ಸೀಟಿ ಮೊಳಗಿತು. ಮೇಷ್ಟ್ರು ಎರಡೆರಡು ಮೆಟ್ಟಿಲು ಹಾರುತ್ತ, "ಎಡ! ಬಲ! ಎಡ! ಬಲ!" ಎನ್ನುತ್ತ ಮಾಯವಾದರು. ಉಳಿದವರು ಹಿಂದೆಯೇ ಓಡಿದರು. ಟೈಂಟೇಬಲ್ಲಯ್ಯ ಮೊದಲ ಮೆಟ್ಟಿಲ ಮೇಲೆ ಬಲಗಾಲಿಟ್ಟ. ಉಸಿರು ತೆಗೆದುಕೊಂಡ. ಗೋಡೆಯ ಬಣ್ಣ ನೋಡಿದ. ಆಮೇಲೆ ಎಡಗಾಲನ್ನು ಕರೆಸಿಕೊಂಡ.

ಹನ್ನೊಂದು ವರ್ಷ ಲಿಫ್ಟಿನಲ್ಲೇ ಓಡಾಡಿದವನಿಗೆ ಕಟ್ಟಡದಲ್ಲಿ ಜನ ಇದ್ದಾರೆಂದು ಅವತ್ತೇ ಸರಿಯಾಗಿ ಗೊತ್ತಾಗಿದ್ದು. ಪ್ರತಿ ಮಹಡಿಯಲ್ಲೂ ನಿಂತು ಬಾಗಿಲ ಮೇಲಿನ ಹೆಸರು ಓದಿದ. ಒಂದನೇ ಮಹಡಿಯ ಅಜ್ಜಿಯ ಬೆನ್ನುನೋವಿನ ಕತೆಯನ್ನು ಆರಂಭದಿಂದ ಕೇಳಿದ. ಎರಡನೇ ಮಹಡಿಯವರ ಬೆಕ್ಕಿಗೆ ಹೆಸರೇನೆಂದು ವಿಚಾರಿಸಿ, ಇನ್ನೂ ಇಟ್ಟಿಲ್ಲವೆಂದಾಗ ಯೋಚಿಸಿ ಹೇಳುತ್ತೇನೆಂದ.

ಅವನು ಇನ್ನೂ ಎರಡನೇ ಸಲದ ನಾಲ್ಕನೇ ಮಹಡಿಯಲ್ಲಿರುವಾಗ ಮೇಷ್ಟ್ರು ಆರನೇ ಸಲಕ್ಕೆ ಹಾದುಹೋದರು. "ಲೀಡರ್! ಇದೇನು ಮದುವೆ ಹೆಣ್ಣಿನ ನಡಿಗೆ? ಹೀಗೆ ನಡೆದರೆ ನೆತ್ತಿ ತಲುಪೋ ಹೊತ್ತಿಗೆ ಹಿಮ ಎಲ್ಲಾ ಕರಗಿರುತ್ತೆ!"

ಟೈಂಟೇಬಲ್ಲಯ್ಯ ಮುಖವನ್ನು ಆದಷ್ಟು ಸಪ್ಪಗೆ ಮಾಡಿದ. "ಅದೇ ನಾನೂ ಯೋಚಿಸ್ತಿದ್ದೆ ಮೇಷ್ಟ್ರೇ. ನನ್ನಿಂದ ನಿಮಗೆಲ್ಲ ತೊಂದ್ರೆ. ನನ್ನ ಬಿಟ್ಟುಹೋಗಿ. ನಾನು ಇಲ್ಲೇ ಇದ್ದು ಫೋನಲ್ಲೇ..."

"ಅದೂ ಒಂದು ರೀತೀಲಿ ಸರಿಯೇ" ಎಂದು ಮೇಷ್ಟ್ರು ತಲೆ ಕೆರೆದುಕೊಂಡರು. ಬಾಯಿಗೆ ಬಂದ ತುತ್ತು ಎಂದು ಟೈಂಟೇಬಲ್ಲಯ್ಯ ಅಂದುಕೊಳ್ಳುವಷ್ಟರಲ್ಲಿ ಹಲ್ಲು ಡಾಕ್ಟರು ಏದುಸಿರು ಬಿಡುತ್ತ ಕೆಳಗಿನಿಂದ ಬಂದರು. ಅವನ ಕೈ ಹಿಡಿದು ನಾಡಿ ನೋಡಿದರು. ಗಡಿಯಾರ ನೋಡಿದರು. ಮತ್ತೆ ನಾಡಿ ನೋಡಿದರು.

"ಎಪ್ಪತ್ತೆರಡು!" ಎಂದು ಕೂಗಿದರು. "ಮೇಷ್ಟ್ರೇ, ನಿಮ್ಮದು ನೂರ ಅರವತ್ತು ಹೊಡ್ಕೋತಿದೆ, ಇವರದು ಮಗು ಮಲಗಿದ ಹಾಗಿದೆ! ನಾನು ಓದಿದೀನಿ, ಎತ್ತರದಲ್ಲಿ ನಡೆಯಬೇಕಾದ್ದೇ ಹೀಗೆ. ಹೆಜ್ಜೆಗೊಂದು ಉಸಿರು. ಪಕ್ಕದೋರ ಜೊತೆ ಆರಾಮಾಗಿ ಮಾತಾಡೋಕಾಗಬೇಕು. ಇವರು ನಮಗೆಲ್ಲ ಪಾಠ ಮಾಡ್ತಿದಾರೆ, ನಮಗೇ ತಿಳೀಲಿಲ್ಲ!"

"ಇಲ್ಲ ಡಾಕ್ಟ್ರೇ, ನನಗೆ ನಿಜವಾಗ್ಲೂ ಕಾಲು ಬರ್ತಿಲ್ಲ..."

"ನೋಡಿದ್ರಾ, ವಿನಯ!" ಎಂದರು ಡಾಕ್ಟರು.

ಸುದ್ದಿ ಅವನಿಗಿಂತ ವೇಗವಾಗಿ ಮೆಟ್ಟಿಲು ಹತ್ತಿತು. ಮಹಡಿ ಮಹಡಿಯಲ್ಲೂ ಜನ ಕುರ್ಚಿ ಹಾಕಿಕೊಂಡು ಕೂತರು. ಲಿಫ್ಟಿಲ್ಲದೆ ಯಾರಿಗೂ ಎಲ್ಲಿಗೂ ಹೋಗುವಂತಿರಲಿಲ್ಲ. ನೋಡಲು ಬೇರೆ ಏನಿತ್ತು?

ಒಂಬತ್ತನೇ ಸಲಕ್ಕೆ ಮೇಷ್ಟ್ರ ಮೀನಖಂಡ ಹಿಡಿದುಕೊಂಡಿತು. ಆರನೇ ಮಹಡಿಯಲ್ಲಿ "ಎಡ!" ಎಂದವರು "ಬಲ" ಅನ್ನಲೇ ಇಲ್ಲ. ಅವರ ಮನೆ ಇದ್ದದ್ದು ಮೂರು ಮಹಡಿ ಕೆಳಗೆ. ಜೇಬಿನಲ್ಲಿ ಫ್ಯೂಸು ಇತ್ತು. ತೆಗೆದುಕೊಟ್ಟರೆ ಎರಡು ನಿಮಿಷದಲ್ಲಿ ಲಿಫ್ಟು ಬರುತ್ತಿತ್ತು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದ ಕೈ ಜೇಬಿಗೆ ಹೋಗಲಿಲ್ಲ. ಅಂಬೆಗಾಲು ದಾಟದ ಕೂಸಿನಂತೆ, ಕೂತಲ್ಲಿಂದಲೇ ಒಂದೊಂದು ಮೆಟ್ಟಿಲು ಜಾರುತ್ತ, ಜಾರಿದಾಗೆಲ್ಲ ತುಟಿಯಲ್ಲಿದ್ದ ಸೀಟಿ ಪೀಕ್ ಪೀಕ್ ಎನ್ನುತ್ತ, ಮೂರು ಮಹಡಿ ಇಳಿದು ಮನೆ ಸೇರಿದರು.

ಪಾಲಿಸಿಯ ಕತೆ ಬೇರೆ. ಅವನು ಪ್ರತಿ ಮಹಡಿಯ ಪ್ರೇಕ್ಷಕರ ಮುಂದೆಯೂ ಒಂದು ನಿಮಿಷ ನಿಂತು ವ್ಯಾಪಾರ ಶುರುಮಾಡಿದ್ದ. "ಯೋಚ್ನೆ ಮಾಡಿ ಸಾರ್. ಅಷ್ಟು ಎತ್ತರದಲ್ಲಿ ಏನು ಬೇಕಾದ್ರೂ ಆಗಬಹುದು. ತಲೆ ಸುತ್ತಬಹುದು. ಕಾಲು ಜಾರಬಹುದು. ಹಿಂದೆ ಹೆಂಡ್ತಿ ಮಕ್ಕಳಿದಾರೆ." ಹದಿನಾಲ್ಕನೇ ಸಲ ಅದನ್ನೇ ಹೇಳುವಾಗ ಅವನ ದನಿ ನಡುಗಿತು. ಹದಿನೈದನೇ ಸಲಕ್ಕೆ ಕಣ್ಣೊರೆಸಿಕೊಂಡ. ಅವನ ಮಾತಿಗೆ ಆವತ್ತು ಬಲಿಯಾದ ಗಿರಾಕಿ ಅವನೊಬ್ಬನೇ. ಹತ್ತು ಕಿಲೋ ಫಾರಂಗಳನ್ನು ನಾಲ್ಕನೇ ಮಹಡಿಯಲ್ಲೇ ಇಳಿಸಿ, ಮನೆ ಬಾಗಿಲು ಹಾಕಿಕೊಂಡು, ಹೆಂಡತಿ ಮಕ್ಕಳನ್ನು ತಬ್ಬಿಕೊಂಡನಂತೆ.

ಟೈಂಟೇಬಲ್ಲಯ್ಯ ಮಾತ್ರ ತೆವಳುತ್ತಲೇ ಇದ್ದ. ಯಾವ ಮಹಡಿಯಲ್ಲಿ ನಿಂತರೂ ಹೆಂಡತಿ ನಿಂಬೆಹಣ್ಣಿನ ಪಾನಕದ ಲೋಟ ಹಿಡಿದು ಎದುರಿಗಿರುತ್ತಿದ್ದಳು. ಒಮ್ಮೆ ಎರಡನೆಯದರಲ್ಲಿ, ಒಮ್ಮೆ ಆರನೆಯದರಲ್ಲಿ, ಊಟದ ಹೊತ್ತಿಗೆ ಬುತ್ತಿ ಹಿಡಿದು ನೆಲಮಹಡಿಯಲ್ಲಿ. ಲಿಫ್ಟಿಲ್ಲದೆ ಇವಳು ನನಗಿಂತ ಮುಂಚೆ ಹೇಗೆ ಬರುತ್ತಾಳೆಂದು ಯೋಚಿಸುವಷ್ಟು ಗಾಳಿ ಅವನ ತಲೆಗೆ ಹೋಗುತ್ತಿರಲಿಲ್ಲ. ಕುಡಿದು ಲೋಟ ವಾಪಸು ಕೊಡುತ್ತಿದ್ದ.

"ಸುಸ್ತಾಯ್ತಾ?" ಎಂದು ಅವಳು ಕೇಳಿದಳು.

"ತುಂಬಾ" ಎಂದು ಇವನು ಆಸೆಯಿಂದ ಹೇಳಿದ.

"ಗೊತ್ತೇ ಆಗಲ್ಲ" ಎಂದು ಅವಳು ಸುತ್ತಲಿನವರಿಗೆ ಕೇಳುವಂತೆ ಹೊಗಳಿದಳು. ಚಪ್ಪಾಳೆ ಬಿತ್ತು.

ಇಪ್ಪತ್ತೊಂದನೇ ಸಲದಲ್ಲಿ ಅವನು ಕೊನೆಯ ಅಸ್ತ್ರ ತೆಗೆದ. ಐದನೇ ಮಹಡಿಯ ತಿರುವಿನಲ್ಲಿ ಕಣ್ಣು ಮೇಲೆ ಮಾಡಿ, ಗೋಡೆಗೆ ಒರಗಿ, ಮೆಲ್ಲಗೆ ಜಾರತೊಡಗಿದ. ಮೂರ್ಛೆ ಹೋದವನನ್ನು ಯಾರು ತಾನೇ ಪರ್ವತಕ್ಕೆ ಕರೆದೊಯ್ಯುತ್ತಾರೆ? ಹಲ್ಲು ಡಾಕ್ಟರು ಓಡಿಬಂದು ಬ್ಯಾಗು ತೆರೆದರು. ಅರೆಗಣ್ಣಿನಲ್ಲಿ ನೋಡಿದರೆ ಕೈಯಲ್ಲಿ ಹೊಳೆಯುವ ಇಕ್ಕಳ.

"ಪ್ರಜ್ಞೆ ತಪ್ಪಿದಾಗ ಹಲ್ಲು ಕಚ್ಚಿಕೊಂಡುಬಿಡ್ತಾರೆ. ಮೊದಲು ಬಾಯಿ ಬಿಡಿಸಬೇಕು. ಎಲ್ಲಿ, ತಲೆ ಹಿಡ್ಕೊಳ್ಳಿ ಯಾರಾದ್ರೂ!"

ಟೈಂಟೇಬಲ್ಲಯ್ಯ ಅಲ್ಲೇ ನೆಟ್ಟಗಾದ. "ಏನಿಲ್ಲ ಡಾಕ್ಟ್ರೇ, ಹಾಗೇ ಒಂದು ನಿಮಿಷ ಕಣ್ಣು ಮುಚ್ಚಿ ಉಸಿರು ತಗೊಂಡೆ."

"ನಿಂತೇ ವಿಶ್ರಾಂತಿ ತಗೊಳ್ಳೋ ಕಲೆ!" ಎಂದು ಡಾಕ್ಟರು ಜನರಿಗೆ ವಿವರಿಸಿದರು. "ಪಳಗಿದ ಪರ್ವತಾರೋಹಿಗಳಿಗೆ ಮಾತ್ರ ಬರುತ್ತೆ."

ಇಪ್ಪತ್ತಮೂರನೇ ಸಲಕ್ಕೆ ಟೀಚರಮ್ಮನ ಉಸಿರು ಮುಗಿಯಿತು. ಬಾಯಿ ತೆರೆದರು, ದನಿ ಬರಲಿಲ್ಲ. ಕೈಸನ್ನೆಯಲ್ಲೇ 'ನನ್ನ ಕೈಲಾಗದು' ಎಂದು ತೋರಿಸಿದರು. ಆ ಸನ್ನೆಯನ್ನೂ ಎಳೆದು ಬಾಗಿಸಿಯೇ ಮುಗಿಸಿದರು. ಹಲ್ಲು ಡಾಕ್ಟರು ಮೇಷ್ಟ್ರ ಕಾಲು, ಟೀಚರಮ್ಮನ ಗಂಟಲು, ಪಾಲಿಸಿಯ ಅಳು ಎಂದು ಮೇಲೆ ಕೆಳಗೆ ಓಡಾಡಿದ್ದರಲ್ಲಿ ಅವರ ಎರಡೂ ಮಂಡಿ ಇಪ್ಪತ್ತೇಳರ ಹೊತ್ತಿಗೆ ಬೀಗ ಹಾಕಿಕೊಂಡವು.

ಈಗ ಕೂತರೂ ಆಗುತ್ತಿತ್ತು. ಆದರೆ ಏಳು ಮಹಡಿಯ ಜನ ಒಕ್ಕೊರಲಿನಿಂದ "ಇಪ್ಪತ್ತೆಂಟು! ಇಪ್ಪತ್ತೊಂಬತ್ತು!" ಎಂದು ಎಣಿಸುವಾಗ ಕೂರುವುದು ಹೇಗೆ? ಮನುಷ್ಯ ಪರ್ವತಕ್ಕೆ ಹೆದರಬಹುದು, ಚಪ್ಪಾಳೆಗೆ ಬೆನ್ನು ತಿರುಗಿಸಲಾರ. ಸಂಜೆ ಐದಕ್ಕೆ ಐದು ನಿಮಿಷವಿರುವಾಗ, ಸೋಲಬೇಕೆಂದೇ ಹೊರಟ ಟೈಂಟೇಬಲ್ಲಯ್ಯ ಮೂವತ್ತೆಂಟನೇ ಸಲ ಏಳನೇ ಮಹಡಿ ಮುಟ್ಟಿ ಗೆದ್ದುಬಿಟ್ಟ.

ಸಂಘದ ತುರ್ತು ಸಭೆ ಹಲ್ಲು ಡಾಕ್ಟರ ಕ್ಲಿನಿಕ್ಕಿನಲ್ಲಿ ಸೇರಿತು. ಸೇರಿತು ಎನ್ನುವುದಕ್ಕಿಂತ ಹೊತ್ತು ತಂದು ಹಾಕಲಾಯಿತು ಎನ್ನುವುದು ಸರಿ; ಫ್ಯೂಸು ಅಷ್ಟರಲ್ಲಿ ಮೇಷ್ಟ್ರ ಹೆಂಡತಿಯ ಕೈ ಸೇರಿ ಲಿಫ್ಟು ಓಡತೊಡಗಿತ್ತು. ಮೇಷ್ಟ್ರು ಹಲ್ಲು ಕೀಳುವ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿದ್ದರು. ಟೀಚರಮ್ಮ ಚೀಟಿಯಲ್ಲಿ ಬರೆದು ಮಾತಾಡುತ್ತಿದ್ದರು.

"ಲೀಡರ್" ಎಂದರು ಮೇಷ್ಟ್ರು, ಸೋತ ದನಿಯಲ್ಲಿ. "ಕ್ಷಮಿಸಬೇಕು. ನಮ್ಮ ಕೈಲಾಗಲ್ಲ. ಚಾರಣ ರದ್ದು."

ಟೈಂಟೇಬಲ್ಲಯ್ಯನ ಹೊಟ್ಟೆಯೊಳಗೆ ವಾದ್ಯ ಮೊಳಗಿತು. ಮುಖವನ್ನು ಮಾತ್ರ ಸೂತಕದ ಮನೆಯಂತೆ ಇಟ್ಟುಕೊಂಡು, "ಛೇ! ನಾನು ಎಷ್ಟು ಆಸೆ ಇಟ್ಕೊಂಡಿದ್ದೆ!" ಎಂದ.

"ನಿಮ್ಮೊಬ್ಬರನ್ನೇ ಕಳಿಸೋಣ ಅಂದ್ರೆ..." ಎಂದು ಪಾಲಿಸಿ ಶುರುಮಾಡಿದ.

"ಸಂಘ ಬಿಟ್ಟು ಲೀಡರ್ ಹೋಗ್ತಾನಾ? ಸಾಧ್ಯವೇ ಇಲ್ಲ!" ಎಂದು ಟೈಂಟೇಬಲ್ಲಯ್ಯ ಮೇಜು ಗುದ್ದಿದ. ಆ ತ್ಯಾಗಕ್ಕೆ ಎಲ್ಲರ ಕಣ್ಣೂ ಒದ್ದೆಯಾಯಿತು. ಟೀಚರಮ್ಮ 'ಮಹಾತ್ಮರು' ಎಂದು ಬರೆದ ಚೀಟಿ ಕೈಯಿಂದ ಕೈಗೆ ಸಾಗಿತು. ಮರ್ಯಾದೆ ಉಳಿಯಿತು, ಪರ್ವತ ತಪ್ಪಿತು.

ಅವನು ಲಿಫ್ಟಿನಲ್ಲಿ ಸಿಳ್ಳೆ ಹಾಕುತ್ತ ಮೇಲೆ ಬಂದ. ಬಾಗಿಲು ತೆರೆದರೆ ನಡುಮನೆಯ ನೆಲದ ಮೇಲೆ ಎರಡು ಬೆನ್ನುಚೀಲ, ಎರಡು ಜೊತೆ ದಪ್ಪ ಬೂಟು. ಹೆಂಡತಿ ಉಣ್ಣೆಯ ಟೋಪಿ ಮಡಚುತ್ತಿದ್ದಳು.

"ಅದನ್ನೆಲ್ಲ ಒಳಗಿಡೇ. ಚಾರಣ ರದ್ದಾಯ್ತು. ಯಾರಿಗೂ ಕಾಲೇ ಇಲ್ಲ."

"ಅವರಿಗಿಲ್ಲ. ನಮಗಿದೆಯಲ್ಲ" ಎಂದಳು ಅವಳು, ತಲೆಯೆತ್ತದೆ. "ಮೆಟ್ಟಿಲ ರಿಹರ್ಸಲ್ ಮೇಷ್ಟ್ರಿಗೆ ಹೊಳೆದಿದ್ದು ಅಂದ್ಕೊಂಡ್ರಾ? ಶುಕ್ರವಾರ ತರಕಾರಿ ಅಂಗಡೀಲಿ ಸಿಕ್ಕಿದ್ರು. 'ನಿಮ್ಮಂಥ ಗಟ್ಟಿಗರಿಗೆ ಪರವಾಗಿಲ್ಲ ಮೇಷ್ಟ್ರೇ, ಮಿಕ್ಕೋರ ಗತಿ ಏನು? ನಮ್ಮ ಕಟ್ಟಡದಲ್ಲೇ ಹತ್ತಿಸಿ ನೋಡಬಾರದಾ?' ಅಂದೆ. ಲಿಫ್ಟಿನ ವಿಷಯಾನೂ ಒಂದು ಮಾತು ಸೇರಿಸ್ದೆ."

ಟೈಂಟೇಬಲ್ಲಯ್ಯ ಅಲ್ಲಿದ್ದ ಕುರ್ಚಿಯನ್ನು ಕೈಯಿಂದ ಹುಡುಕಿ ಕೂತ. "ನೀನಾ? ಯಾಕೆ?"

"ಯಾಕಾ? ಮದುವೆಯಾಗಿ ಹತ್ತೊಂಬತ್ತು ವರ್ಷ ಆಯ್ತು. ಊರಿಗೆಲ್ಲ ಬಸ್ಸಿನ ಟೈಮು ಬರೆದುಕೊಟ್ರಿ, ನನ್ನ ಯಾವತ್ತಾದ್ರೂ ಒಂದು ಬಸ್ಸು ಹತ್ತಿಸಿದ್ರಾ? ಕೊನೇಗೊಮ್ಮೆ ಹೊರಟ್ರೆ ಸೀಟಿ ಊದೋರು, ಹಾಡೋರು, ಪಾಲಿಸಿ ಮಾರೋರು, ಹಲ್ಲು ಕೀಳೋರು. ಪಟ್ಟೀಲಿ ನನ್ನ ಹೆಸರೇ ಇಲ್ಲ. ಅವರೆಲ್ಲ ಇಲ್ಲೇ ಇರ್ಲಿ. ನಾವಿಬ್ಬರೇ ಹೋಗೋಣ."

"ನೀನು ಹತ್ತೀಯಾ ಅಷ್ಟು ಎತ್ತರ?"

"ನೀವಿವತ್ತು ಮೂವತ್ತೆಂಟು ಸಲ ಹತ್ತಿದ್ರಿ. ನಿಮಗೆ ಪಾನಕ ಕೊಡೋಕೆ ಓಡಾಡಿ ನಾನು ನಲವತ್ತೊಂದು ಸಲ." ಅವಳು ಒಂದು ಹಾಳೆ ಮುಂದಿಟ್ಟಳು. "ನಿಮ್ಮ ಲೆಕ್ಕ ಬಸ್ಸಿನದು. ಅಲ್ಲಿ ಹೋಗಿಬಂದವರನ್ನ ಕೇಳಿ ನಾನು ಬೇರೆ ಮಾಡಿದೀನಿ. ದಾರಿ ಸುತ್ತೋದನ್ನೂ ಸೇರಿಸಿದ್ರೆ ಎಪ್ಪತ್ತೊಂದು ಕಿಲೋಮೀಟರ್, ಹತ್ತು ದಿನ. ರಾತ್ರಿ ಮಲಗೋ ಜಾಗ ದಿನಕ್ಕೆ ಮುನ್ನೂರು ಮೀಟರಿಗಿಂತ ಮೇಲೆ ಏರಲ್ಲ. ಮಧ್ಯೆ ಎರಡು ದಿನ ವಿಶ್ರಾಂತಿ. ನೀವಿವತ್ತು ನಡೆದ್ರಲ್ಲ, ಅದೇ ಗತಿ."

ಟೈಂಟೇಬಲ್ಲಯ್ಯನಿಗೆ ಇನ್ನು ಉಳಿದಿದ್ದು ಒಂದೇ ದಾರಿ, ಅವನ ವೃತ್ತಿಯಲ್ಲಿ ಯಾರೂ ಹಿಡಿಯದ ದಾರಿ: ನಿಜ. "ನೋಡೇ" ಎಂದ, ದನಿ ತಗ್ಗಿಸಿ. "ನಿನ್ನ ಹತ್ರ ಮುಚ್ಚುಮರೆ ಯಾಕೆ? ನನಗೆ ಹೋಗೋ ಮನಸ್ಸೇ ಇರ್ಲಿಲ್ಲ. ಹೇಗಾದ್ರೂ ತಪ್ಪಿಸ್ಕೊಳ್ಳೋಣ ಅಂತಾನೇ ಬೇಕಂತ ನಿಧಾನಕ್ಕೆ ನಡೆದೆ."

"ಗೊತ್ತು."

"ಗೊತ್ತಾ?"

"ಹತ್ತೊಂಬತ್ತು ವರ್ಷದಿಂದ ನೋಡ್ತಿಲ್ವಾ? ಯಾವ ಕೆಲಸ ತಪ್ಪಿಸ್ಕೋಬೇಕಾದ್ರೂ ನೀವು ಮಾಡೋದು ಅದನ್ನೇ. ಬೆಟ್ಟಕ್ಕೆ ಅದಕ್ಕಿಂತ ಒಳ್ಳೇ ಅಭ್ಯಾಸ ಇನ್ನೊಂದಿಲ್ಲವಂತೆ."

ಅವನು ಕಿಟಕಿಯ ಕಡೆ ನೋಡಿದ. ಏಳನೇ ಮಹಡಿ, ಆ ದಾರಿಯೂ ಇರಲಿಲ್ಲ. ಒಂದು ಸಣ್ಣ ಆಸೆ ಮಾತ್ರ ಮಿಣುಕಿತು. "ಮೇಷ್ಟ್ರ ಕಾಲು, ಡಾಕ್ಟರ ಮಂಡಿ ಎಲ್ಲ ಬೇಗ ವಾಸಿಯಾದ್ರೆ ಅವರೂ ಬರ್ತೀವಿ ಅನ್ಬಹುದಲ್ವಾ? ಅವರು ಬರೋ ತನಕ ಕಾಯೋದು ಧರ್ಮ."

"ಎಲ್ಲಾ ವಾಸಿಯಾಗೋಕೆ ಒಂದು ವಾರ ಬೇಕು. ನಾವು ಹೊರಡೋದು ಗುರುವಾರ."

ಅವನು ಬೆರಳು ಮಡಚಿ ಗುರುವಾರಕ್ಕೆ ಎಷ್ಟು ದಿನವೆಂದು ಎಣಿಸತೊಡಗಿದ. ಅಷ್ಟರಲ್ಲಿ ಅವಳು ತುಂಬಿದ ಬೆನ್ನುಚೀಲವನ್ನು ಎತ್ತಿ ಅವನ ಹೆಗಲಿಗೆ ಏರಿಸಿ, ಪಟ್ಟಿ ಬಿಗಿದು, ದೂರ ನಿಂತು ನೋಡಿದಳು.

"ಸ್ವಲ್ಪ ನಡೆದು ತೋರ್ಸಿ, ಭಾರ ಸರಿಯಾಗಿ ಕೂತಿದೆಯಾ ನೋಡೋಣ. ಅಯ್ಯೋ, ಮನೆಯೊಳಗೆ ನಡೆದ್ರೆ ಏನು ಗೊತ್ತಾಗುತ್ತೆ?" ಎಂದು ಅವಳು ಬಾಗಿಲು ತೆರೆದು ಹಿಡಿದಳು. "ಮೆಟ್ಟಿಲ ಮೇಲೆ!"